ಗೆದ್ದರೆ ‘ನಾವು’, ಸೋತರೆ ‘ಅವರು’

೨೦೨೫ನೆಯ ಇಸವಿಯ ಜೂನ್ ೩ರ ರಾತ್ರಿ ಅಹಮದಾಬಾದಿನಲ್ಲಿ ಇಂಡಿಯನ್ ಪ್ರೀಮಿಯರ್ ಲೀಗಿನ ಅಂತಿಮ ಪಂದ್ಯವು ಮುಗಿಯಿತು. ರಾಯಲ್ ಚಾಲೆಂಜರ್ಸ್ ಬೆಂಗಳೂರು ತಂಡದ ೧೯೦ ರನ್ನುಗಳಿಗೆ ಉತ್ತರವಾಗಿ ಪಂಜಾಬ್ ಕಿಂಗ್ಸ್ ತಂಡವು ೧೮೪ ರನ್ನುಗಳಿಗೆ ನಿಂತಿತು. ಕೇವಲ ಆರು ರನ್ನುಗಳ ಗೆಲುವು. ೨೦೦೮ರಲ್ಲಿ ಲೀಗು ಆರಂಭವಾದಂದಿನಿಂದ ಆಡುತ್ತ, ೨೦೦೯, ೨೦೧೧ ಮತ್ತು ೨೦೧೬ರಲ್ಲಿ ಅಂತಿಮ ಪಂದ್ಯದವರೆಗೂ ಹೋಗಿ ಬರಿಗೈಯಲ್ಲಿ ಹಿಂದಿರುಗಿದ್ದ ಆ ತಂಡಕ್ಕೆ ಹದಿನೆಂಟನೆಯ ವರ್ಷದಲ್ಲಿ ಮೊದಲ ಸಲ ಈ ಪ್ರಶಸ್ತಿ ದಕ್ಕಿತು. ಮೈದಾನದಲ್ಲಿ ವಿರಾಟ್ ಕೊಹ್ಲಿಯವರ ಕಣ್ಣಲ್ಲಿ ನೀರು ಬಂದಿತು. ಅದು ಸಹಜವೇ, ಮೊದಲ ವರ್ಷದಿಂದಲೂ ಆ ತಂಡಕ್ಕಾಗಿ ಬೆವರು ಸುರಿಸಿದವರು ಅವರು. ಆದರೆ ಬಹುದೂರದಲ್ಲಿ, ಕರ್ನಾಟಕದ ಊರೂರುಗಳಲ್ಲಿ, ಟಿ.ವಿ. ಪೆಟ್ಟಿಗೆಯ ಮುಂದೆ ಕುಳಿತಿದ್ದ ಜನರ ಕಣ್ಣುಗಳೂ ತೇವಗೊಂಡುವಲ್ಲ, ಅದಕ್ಕೆ ಕಾರಣವೇನು?

ಅವರಲ್ಲಿ ಯಾರೂ ಒಂದು ಚೆಂಡನ್ನು ಎಸೆದವರಲ್ಲ, ಒಂದು ಕ್ಯಾಚನ್ನು ಹಿಡಿದವರಲ್ಲ. ತಂಡದ ಆಟಗಾರರಲ್ಲಿ ಬಹುಮಂದಿ ಕನ್ನಡಿಗರೂ ಅಲ್ಲ. ಆದರೂ ವರ್ಷವರ್ಷವೂ ಅಭಿಮಾನಿಗಳು ಕೂಗುತ್ತಿದ್ದ ಘೋಷಣೆ ‘ಈ ಸಲ ಕಪ್ ನಮ್ದೆ’ ಎಂದು. ‘ಅವರದು’ ಎಂದಲ್ಲ, ‘ನಮ್ದೆ’! ಈ ಪುಟ್ಟ ಮಾತಿನಲ್ಲಿ ಒಂದು ದೊಡ್ಡ ಸಮಸ್ಯೆ ಅಡಗಿದೆ. ತಾನು ಆಡದ ಆಟದ ಗೆಲುವನ್ನು ಮನುಷ್ಯನು ತನ್ನ ಗೆಲುವೆಂದು ಭಾವಿಸುವುದು ಹೇಗೆ? ಅದು ಬರಿಯ ಬಾಯಿಮಾತೇ, ಅಥವಾ ದೇಹಕ್ಕೂ ಮನಸ್ಸಿಗೂ ನಿಜವಾಗಿ ತಟ್ಟುವ ಸಂಗತಿಯೇ? ಮನಶ್ಶಾಸ್ತ್ರಜ್ಞರೂ ವೈದ್ಯರೂ ಈ ಪ್ರಶ್ನೆಯನ್ನು ಕಳೆದ ಎಪ್ಪತ್ತು ವರ್ಷಗಳಿಂದ ಪರೀಕ್ಷಿಸುತ್ತ ಬಂದಿದ್ದಾರೆ. ಅವರು ಕಂಡುಕೊಂಡ ವಿಷಯಗಳನ್ನು ಒಂದೊಂದಾಗಿ ನೋಡೋಣ.

ಸೋಮವಾರದ ಅಂಗಿ

ಅಮೆರಿಕದ ವಿಶ್ವವಿದ್ಯಾನಿಲಯಗಳಲ್ಲಿ ಅಲ್ಲಿನ ರೀತಿಯ ಫುಟ್‌ಬಾಲ್ ಆಟಕ್ಕೆ ಬಹಳ ಮರ್ಯಾದೆ. ಪಂದ್ಯಗಳು ಸಾಮಾನ್ಯವಾಗಿ ಶನಿವಾರ ನಡೆಯುತ್ತವೆ. ರಾಬರ್ಟ್ ಚಾಲ್ಡೀನಿ ಎಂಬ ಮನಶ್ಶಾಸ್ತ್ರಜ್ಞರೂ ಅವರ ಸಹೋದ್ಯೋಗಿಗಳೂ ೧೯೭೩ರಲ್ಲಿ ಏಳು ವಿಶ್ವವಿದ್ಯಾನಿಲಯಗಳಲ್ಲಿ ಒಂದು ಸರಳವಾದ ಕೆಲಸವನ್ನು ಮಾಡಿಸಿದರು. ಪ್ರತಿ ಸೋಮವಾರ ತರಗತಿಗೆ ಬರುವ ವಿದ್ಯಾರ್ಥಿಗಳಲ್ಲಿ ತಮ್ಮ ವಿದ್ಯಾನಿಲಯದ ಹೆಸರೋ ಚಿಹ್ನೆಯೋ ಇರುವ ಉಡುಪನ್ನು ಎಷ್ಟು ಮಂದಿ ತೊಟ್ಟಿದ್ದಾರೆಂದು ಎಣಿಸಿ ಬರೆದಿಡುವುದು, ಇಷ್ಟೇ. ತಂಡವು ಗೆದ್ದ ವಾರಗಳಲ್ಲಿ ಅಂತಹ ಉಡುಪುಗಳ ಸಂಖ್ಯೆ ಹೆಚ್ಚಾಗಿತ್ತು. ಗೆಲ್ಲದ ವಾರಗಳಲ್ಲಿ ಕಡಮೆಯಾಗಿತ್ತು.

ಎರಡನೆಯ ಪ್ರಯೋಗವು ಇನ್ನೂ ಸ್ವಾರಸ್ಯವಾದುದು. ವಿದ್ಯಾರ್ಥಿಗಳಿಗೆ ದೂರವಾಣಿಯಲ್ಲಿ ಕೆಲವು ಪ್ರಶ್ನೆಗಳನ್ನು ಕೇಳಿ, ಕೆಲವರಿಗೆ ‘ನೀವು ಚೆನ್ನಾಗಿ ಉತ್ತರಿಸಿದಿರಿ’ ಎಂದೂ ಉಳಿದವರಿಗೆ ‘ನಿಮ್ಮ ಉತ್ತರಗಳು ಸಾಲದು’ ಎಂದೂ ಹೇಳಲಾಯಿತು. ಅನಂತರ ತಮ್ಮ ತಂಡದ ಒಂದು ಪಂದ್ಯವು ಏನಾಯಿತೆಂದು ವಿವರಿಸುವಂತೆ ಕೇಳಲಾಯಿತು. ಗೆದ್ದ ಪಂದ್ಯವನ್ನು ಕುರಿತು ಮಾತನಾಡುವಾಗ ‘ನಾವು ಗೆದ್ದೆವು’ ಎಂಬ ಮಾತು ಹೆಚ್ಚಾಗಿ ಬಂದಿತು. ಸೋತ ಪಂದ್ಯದ ವಿಷಯದಲ್ಲಿ ‘ಅವರು ಸೋತರು’ ಎಂಬ ಕಡೆಗೆ ನಾಲಗೆ ಹೊರಳಿತು. ಅದಕ್ಕಿಂತಲೂ ಮುಖ್ಯವಾದ ಅಂಶವೆಂದರೆ, ಪರೀಕ್ಷೆಯಲ್ಲಿ ಹಿಂದೆ ಬಿದ್ದೆವೆಂದು ತಿಳಿದಿದ್ದವರಲ್ಲಿಯೇ ಈ ವ್ಯತ್ಯಾಸವು ಎದ್ದು ಕಂಡಿತು. ತನ್ನ ಬೆಲೆ ತನಗೇ ಕುಗ್ಗಿ ತೋರಿದಾಗ ಮನುಷ್ಯನು ಗೆದ್ದವರ ಬೆಳಕಿನಲ್ಲಿ ಸ್ವಲ್ಪ ಹೊತ್ತು ನಿಂತು ಮೈ ಕಾಯಿಸಿಕೊಳ್ಳುತ್ತಾನೆ. ಈ ವರದಿಯು ೧೯೭೬ರಲ್ಲಿ ಪ್ರಕಟವಾಯಿತು.

ಆದರೆ ಎಲ್ಲ ಅಭಿಮಾನಿಗಳೂ ಒಂದೇ ತೆರನಲ್ಲ. ಗಾಳಿ ಬಂದ ಕಡೆ ತೂರಿಕೊಳ್ಳುವವರು ಕೆಲವರಾದರೆ, ಹದಿನೇಳು ವರ್ಷ ಸೋತರೂ ತಂಡವನ್ನು ಬಿಡದವರು ಕೆಲವರು. ಡೇನಿಯಲ್ ವಾನ್ ಮತ್ತು ನೈಲಾ ಬ್ರಾನ್ಸ್‌ಕೂಂಬ್ ಎಂಬ ಸಂಶೋಧಕರು ೧೯೯೦ರಲ್ಲಿ ಈ ಭೇದವನ್ನು ವಿವೇಚಿಸಿದರು. ತಂಡದೊಡನೆ ಗಾಢವಾಗಿ ಬೆಸೆದುಕೊಂಡವನು ಸೋಲಿನಲ್ಲಿಯೂ ‘ನಾವು’ ಎಂಬುದನ್ನು ಸುಲಭವಾಗಿ ಬಿಟ್ಟುಕೊಡುವುದಿಲ್ಲ. ತಮ್ಮ ಊರಿನ ತಂಡದಲ್ಲಿ ಹೀಗೆ ಬೇರೂರಿದ ಅಭಿಮಾನವುಳ್ಳವರು ಒಂಟಿತನವನ್ನು ಕಡಮೆ ಅನುಭವಿಸುತ್ತಾರೆಂದು ವಾನ್ ಅವರ ಮುಂದಿನ ಅಧ್ಯಯನಗಳು ಸೂಚಿಸಿದುವು. ಅಭಿಮಾನದಿಂದ ಒಂಟಿತನ ಕಳೆಯುವುದೋ, ಸ್ನೇಹಶೀಲರಾದವರೇ ಅಭಿಮಾನಿಗಳಾಗುವರೋ ಎಂಬುದು ಬೇರೆ ಪ್ರಶ್ನೆ. ಆದರೆ ಪರವೂರಿನ ಬಸ್ಸಿನಲ್ಲಿ ನಮ್ಮ ತಂಡದ ಅಂಗಿಯನ್ನು ತೊಟ್ಟ ಅಪರಿಚಿತನು ಎದುರಾದರೆ ಮಾತಿಗೆ ಪೀಠಿಕೆ ಬೇಕಾಗುವುದಿಲ್ಲವೆಂಬುದನ್ನು ನೀವೂ ಬಲ್ಲಿರಿ.

ಗುಂಪು ಕಟ್ಟಲು ಎಷ್ಟು ಸಾಕು?

‘ನಾವು’ ಎಂಬ ಭಾವನೆ ಮೂಡಲು ಒಂದೇ ಊರು, ಒಂದೇ ಭಾಷೆ, ಹಳೆಯ ಸ್ನೇಹ, ಇವೆಲ್ಲ ಅಗತ್ಯವೆಂದು ನಾವು ತಿಳಿಯುವುದು ವಾಡಿಕೆ. ಇದು ತಪ್ಪೆಂದು ತೋರಿಸಿದವರು ಹೆನ್ರಿ ತಾಜ್‌ಫೆಲ್. ಪೋಲೆಂಡಿನಲ್ಲಿ ಯೆಹೂದಿ ಕುಟುಂಬವೊಂದರಲ್ಲಿ ಹುಟ್ಟಿದ ಇವರು ಎರಡನೆಯ ಮಹಾಯುದ್ಧದಲ್ಲಿ ಸೆರೆಯಾಳಾಗಿದ್ದರು. ಯುದ್ಧ ಮುಗಿದಾಗ ಅವರ ಬಂಧುಗಳಲ್ಲಿ ಬಹುಮಂದಿ ನಾಟ್ಸಿಗಳ ಕೈಯಲ್ಲಿ ಹತರಾಗಿದ್ದರು. ಮನುಷ್ಯರು ‘ನಮ್ಮವರು’, ‘ಹೊರಗಿನವರು’ ಎಂದು ಏಕೆ ಒಡೆಯುತ್ತಾರೆಂಬುದು ಅವರಿಗೆ ಪುಸ್ತಕದ ಪ್ರಶ್ನೆಯಾಗಿರಲಿಲ್ಲ.

ಇಂಗ್ಲೆಂಡಿನ ಬ್ರಿಸ್ಟಲ್ ನಗರದ ಶಾಲೆಯೊಂದರ ಹದಿನಾಲ್ಕು ಹದಿನೈದು ವಯಸ್ಸಿನ ಹುಡುಗರನ್ನು ಅವರು ಪ್ರಯೋಗಕ್ಕೆ ಕರೆದರು. ತೆರೆಯ ಮೇಲೆ ಚುಕ್ಕೆಗಳ ಗುಂಪುಗಳನ್ನು ಕ್ಷಣಕಾಲ ತೋರಿಸಿ, ಎಷ್ಟು ಚುಕ್ಕೆಗಳಿದ್ದುವೆಂದು ಅಂದಾಜು ಮಾಡುವಂತೆ ಹೇಳಿದರು. ಬಳಿಕ, ಹೆಚ್ಚು ಅಂದಾಜು ಮಾಡಿದವರು ಒಂದು ಗುಂಪು, ಕಡಮೆ ಅಂದಾಜು ಮಾಡಿದವರು ಇನ್ನೊಂದು ಗುಂಪು ಎಂದು ಹುಡುಗರಿಗೆ ತಿಳಿಸಿದರು. ವಾಸ್ತವವಾಗಿ ಚೀಟಿ ಎತ್ತಿದಂತೆ, ಯಾವ ಆಧಾರವೂ ಇಲ್ಲದೆ ಅವರನ್ನು ಹಂಚಲಾಗಿತ್ತು. ತನ್ನ ಗುಂಪಿನಲ್ಲಿ ಬೇರೆ ಯಾರಿದ್ದಾರೆಂಬುದೂ ಹುಡುಗನಿಗೆ ತಿಳಿಯದು. ಅನಂತರ ಪ್ರತಿಯೊಬ್ಬನೂ ಇತರರಿಗೆ ಅಂಕಗಳನ್ನು ಹಂಚಬೇಕು. ಅಂಕಗಳಿಗೆ ಅಲ್ಪಸ್ವಲ್ಪ ಹಣವೂ ಸಲ್ಲುವುದು. ತನಗಾಗಿ ಏನನ್ನೂ ಇಟ್ಟುಕೊಳ್ಳುವಂತಿಲ್ಲ.

ಹುಡುಗರು ತಮ್ಮ ಗುಂಪಿನವರಿಗೆ ಹೆಚ್ಚು ಅಂಕ ಕೊಟ್ಟರು. ಆಶ್ಚರ್ಯವು ಇಷ್ಟರಲ್ಲಿಯೇ ಮುಗಿಯಲಿಲ್ಲ. ತಮ್ಮವರಿಗೆ ದೊರೆಯುವ ಒಟ್ಟು ಅಂಕ ಸ್ವಲ್ಪ ಕಡಮೆಯಾದರೂ ಚಿಂತೆಯಿಲ್ಲ, ಎದುರು ಗುಂಪಿಗಿಂತ ಅಂತರವು ಹೆಚ್ಚಾಗಿರಲಿ ಎಂಬಂತೆಯೂ ಹಲವೊಮ್ಮೆ ಹಂಚಿದರು. ಚುಕ್ಕೆ ಎಣಿಸಿದ ಮಾತ್ರಕ್ಕೆ ಇಷ್ಟು ಪಕ್ಷಪಾತ! ಹೀಗಿರಲು, ಬಾಲ್ಯದಿಂದ ನೋಡಿದ ಬಣ್ಣದ ಅಂಗಿ, ತಂದೆಯೊಡನೆ ಕುಳಿತು ನೋಡಿದ ಪಂದ್ಯಗಳು, ಊರಿನ ಹೆಸರು, ಗೆಳೆಯರ ಕೂಗು, ಇವೆಲ್ಲ ಒಂದುಗೂಡಿದ ಕ್ರೀಡಾತಂಡದ ಅಭಿಮಾನವು ಎಷ್ಟು ಬಲವಾಗಿರಬೇಕು!

ದೇಹವೂ ಪಂದ್ಯವಾಡುತ್ತದೆ

ಈ ಅಭಿಮಾನವು ಮನಸ್ಸಿನಲ್ಲಿ ಮಾತ್ರ ಇರುವುದಿಲ್ಲ. ೧೯೯೪ರ ಜುಲೈ ೧೭ರಂದು ಅಮೆರಿಕದಲ್ಲಿ ನಡೆದ ವಿಶ್ವಕಪ್ ಫುಟ್‌ಬಾಲಿನ ಅಂತಿಮ ಪಂದ್ಯದಲ್ಲಿ ಬ್ರೆಜಿಲ್ ತಂಡವು ಇಟಲಿಯನ್ನು ಪೆನಾಲ್ಟಿ ಒದೆತಗಳಲ್ಲಿ ಸೋಲಿಸಿತು. ಆ ಪಂದ್ಯವನ್ನು ಟಿ.ವಿ.ಯಲ್ಲಿ ನೋಡುತ್ತಿದ್ದ ಎರಡೂ ಪಕ್ಷದ ಕೆಲವು ಪುರುಷ ಅಭಿಮಾನಿಗಳ ಲಾಲಾರಸವನ್ನು ಪಂದ್ಯದ ಮೊದಲೂ ಅನಂತರವೂ ಸಂಗ್ರಹಿಸಿ, ಅದರಲ್ಲಿನ ಟೆಸ್ಟೋಸ್ಟಿರೋನ್ ಎಂಬ ಹಾರ್ಮೋನನ್ನು ಅಳೆಯಲಾಯಿತು. ಬ್ರೆಜಿಲಿನ ಅಭಿಮಾನಿಗಳಲ್ಲಿ ಅದು ಸರಾಸರಿ ಕಾಲುಭಾಗಕ್ಕಿಂತ ಹೆಚ್ಚಾಗಿ ಏರಿತ್ತು. ಇಟಲಿಯವರಲ್ಲಿ ಹೆಚ್ಚು ಕಡಮೆ ಅಷ್ಟೇ ಇಳಿದಿತ್ತು. ಕುರ್ಚಿಯಿಂದ ಏಳದವರ ದೇಹವೂ ತಾನೇ ಆಡಿ ಗೆದ್ದಂತೆ, ಸೋತಂತೆ ವರ್ತಿಸಿತ್ತು.

ಆದರೆ ವಿಜ್ಞಾನವು ಒಂದು ಪ್ರಯೋಗಕ್ಕೆ ತೃಪ್ತಿಪಡುವುದಿಲ್ಲ. ಈ ಪರೀಕ್ಷೆಗೆ ಒಳಗಾದವರು ಬೆರಳೆಣಿಕೆಯಷ್ಟು ಮಂದಿ. ೨೦೧೦ರಲ್ಲಿ ಸ್ಪೇನ್ ದೇಶವು ವಿಶ್ವಕಪ್ಪನ್ನು ಗೆದ್ದ ದಿನ ಅಲ್ಲಿನ ಅಭಿಮಾನಿಗಳ ಮೇಲೆ ಇದೇ ಬಗೆಯ ಪರೀಕ್ಷೆ ನಡೆದಾಗ, ಪಂದ್ಯವನ್ನು ನೋಡುವ ವೇಳೆ ಹಾರ್ಮೋನುಗಳು ಸಾಮಾನ್ಯ ದಿನಕ್ಕಿಂತ ಹೆಚ್ಚಿದ್ದುದು ಕಂಡುಬಂದರೂ, ಗೆಲುವಿನ ಬಳಿಕ ಟೆಸ್ಟೋಸ್ಟಿರೋನ್ ಮತ್ತಷ್ಟು ಏರಲಿಲ್ಲ. ಆದುದರಿಂದ ಪಂದ್ಯದ ಉದ್ವೇಗವು ದೇಹವನ್ನು ಕಲಕುವುದು ನಿಶ್ಚಯ; ಗೆಲುವು ಸೋಲುಗಳ ಪಾಲು ಎಷ್ಟೆಂಬುದು ಇನ್ನೂ ಇತ್ಯರ್ಥವಾಗಿಲ್ಲ ಎಂದು ಹೇಳುವುದು ನ್ಯಾಯ.

ಹೃದಯದ ವಿಷಯದಲ್ಲಿ ಸಾಕ್ಷ್ಯವು ಇನ್ನೂ ದೃಢವಾಗಿದೆ. ೨೦೦೬ರ ವಿಶ್ವಕಪ್ ಜರ್ಮನಿಯಲ್ಲಿ ನಡೆಯಿತು. ಮ್ಯೂನಿಕ್ ಪ್ರದೇಶದ ವೈದ್ಯರು ಆ ದಿನಗಳಲ್ಲಿ ಹೃದಯದ ತುರ್ತು ತೊಂದರೆಗಳಿಗಾಗಿ ವೈದ್ಯರ ನೆರವು ಪಡೆದವರ ಲೆಕ್ಕವಿಟ್ಟು, ಬೇರೆ ವರ್ಷಗಳ ಅದೇ ಕಾಲದೊಡನೆ ಹೋಲಿಸಿದರು. ಜರ್ಮನಿಯ ತಂಡವು ಆಡಿದ ದಿನಗಳಲ್ಲಿ ಅಂತಹ ಪ್ರಕರಣಗಳು ೨.೬೬ ಪಟ್ಟಿನಷ್ಟಿದ್ದುವು. ಪುರುಷರಲ್ಲಿ ೩.೨೬ ಪಟ್ಟು, ಸ್ತ್ರೀಯರಲ್ಲಿ ೧.೮೨ ಪಟ್ಟು. ಪಂದ್ಯ ಆರಂಭವಾದ ಮೊದಲ ಎರಡು ಗಂಟೆಗಳಲ್ಲಿ ಅಪಾಯವು ಅತ್ಯಧಿಕವಾಗಿತ್ತು. ಮೊದಲೇ ಹೃದಯದ ರಕ್ತನಾಳಗಳ ರೋಗವಿದ್ದವರು ಇವರಲ್ಲಿ ಹೆಚ್ಚಾಗಿದ್ದರು. ಉದ್ವೇಗವುಂಟಾದಾಗ ಅಡ್ರಿನಲಿನ್ ರಕ್ತಕ್ಕೆ ಸೇರಿ, ನಾಡಿಯ ವೇಗವೂ ರಕ್ತದ ಒತ್ತಡವೂ ಏರುತ್ತವೆ. ಗಟ್ಟಿಯಾದ ಹೃದಯವು ಇದನ್ನು ತಾಳಿಕೊಳ್ಳುತ್ತದೆ. ದುರ್ಬಲವಾದುದಕ್ಕೆ ಇದೇ ಹೊರೆಯಾಗಬಹುದು. ನಿಮ್ಮ ಮನೆಯಲ್ಲಿ ಹೃದ್ರೋಗವಿರುವ ಅಜ್ಜನೋ ಅಜ್ಜಿಯೋ ಪಂದ್ಯವನ್ನು ನೋಡುತ್ತಿದ್ದರೆ, ಔಷಧಿಯನ್ನು ವೇಳೆಗೆ ಸರಿಯಾಗಿ ತೆಗೆದುಕೊಂಡರೇ ಎಂದು ವಿಚಾರಿಸುವುದು, ಎದೆನೋವು ಬಂದರೆ ‘ಈ ಓವರ್ ಮುಗಿಯಲಿ’ ಎಂದು ಕಾಯದೆ ಆಸ್ಪತ್ರೆಗೆ ಕರೆದೊಯ್ಯುವುದು ನಿಮ್ಮ ಕರ್ತವ್ಯ.

ಒಂದೇ ಪಂದ್ಯ, ಎರಡು ನೋಟ

ಅಭಿಮಾನವು ಹೃದಯವನ್ನು ಮುಟ್ಟುವಂತೆ ಕಣ್ಣನ್ನೂ ಮುಟ್ಟುತ್ತದೆ. ೧೯೫೧ರ ನವೆಂಬರಿನಲ್ಲಿ ಅಮೆರಿಕದ ಪ್ರಿನ್ಸ್‌ಟನ್ ಮತ್ತು ಡಾರ್ಟ್‌ಮತ್ ವಿದ್ಯಾಸಂಸ್ಥೆಗಳ ನಡುವೆ ಒಂದು ಫುಟ್‌ಬಾಲ್ ಪಂದ್ಯ ನಡೆಯಿತು. ಆಟವು ಒರಟಾಯಿತು. ಪ್ರಿನ್ಸ್‌ಟನ್ನಿನ ಹೆಸರಾಂತ ಆಟಗಾರ ಡಿಕ್ ಕ್ಯಾಜ್ಮಯರ್ ಮೂಗು ಮುರಿದುಕೊಂಡು ಹೊರಗೆ ಬಂದರು; ಅನಂತರ ಡಾರ್ಟ್‌ಮತ್ತಿನ ಆಟಗಾರನೊಬ್ಬನ ಕಾಲು ಮುರಿಯಿತು. ವಾರಗಟ್ಟಲೆ ಎರಡೂ ಕಡೆಯವರು ಒಬ್ಬರನ್ನೊಬ್ಬರು ದೂಷಿಸಿದರು.

ಡಾರ್ಟ್‌ಮತ್ತಿನ ಆಲ್ಬರ್ಟ್ ಹ್ಯಾಸ್ಟಾರ್ಫ್ ಮತ್ತು ಪ್ರಿನ್ಸ್‌ಟನ್ನಿನ ಹ್ಯಾಡ್ಲಿ ಕ್ಯಾಂಟ್ರಿಲ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಈ ಜಗಳದಲ್ಲಿ ಒಂದು ಪ್ರಯೋಗವನ್ನು ಕಂಡರು. ಪಂದ್ಯದ ಚಲನಚಿತ್ರವನ್ನು ಎರಡೂ ಕಡೆಯ ವಿದ್ಯಾರ್ಥಿಗಳಿಗೆ ತೋರಿಸಿ, ಕಂಡ ತಪ್ಪುಗಳನ್ನೆಲ್ಲ ಗುರುತು ಹಾಕುವಂತೆ ಹೇಳಿದರು. ಡಾರ್ಟ್‌ಮತ್ ತಂಡವು ಮಾಡಿದ ತಪ್ಪುಗಳು ಡಾರ್ಟ್‌ಮತ್ತಿನ ವಿದ್ಯಾರ್ಥಿಗಳ ಕಣ್ಣಿಗೆ ಸರಾಸರಿ ೪.೩, ಪ್ರಿನ್ಸ್‌ಟನ್ನಿನವರ ಕಣ್ಣಿಗೆ ೯.೮! ಚಿತ್ರವು ಒಂದೇ, ಯಂತ್ರವು ಒಂದೇ. ೧೯೫೪ರಲ್ಲಿ ಪ್ರಕಟವಾದ ಆ ಲೇಖನದ ಅಭಿಪ್ರಾಯವೆಂದರೆ, ಎಲ್ಲರೂ ನೋಡಿದುದು ಒಂದೇ ಪಂದ್ಯವನ್ನಲ್ಲ. ಪ್ರತಿಯೊಬ್ಬನೂ ತನ್ನ ಪಕ್ಷದ ಪಂದ್ಯವನ್ನು ನೋಡಿದ್ದನು. ಇವರಲ್ಲಿ ಯಾರೂ ಬೇಕೆಂದು ಸುಳ್ಳು ಹೇಳಿದರೆಂದು ತಿಳಿಯಬೇಕಾಗಿಲ್ಲ. ನಮಗೆ ಮುಖ್ಯವೆನಿಸಿದುದನ್ನೇ ಮಿದುಳು ಆರಿಸಿ ಮುಂದಿಡುತ್ತದೆ. ಮುಂದಿನ ಸಲ ಅಂಪೈರರನ್ನು ಬೈಯಲು ಬಾಯಿ ತೆರೆದಾಗ ಈ ಎರಡು ಸಂಖ್ಯೆಗಳನ್ನು ನೆನೆಯುವುದು ಒಳ್ಳೆಯದು.

ಬರೆದಿಟ್ಟ ಕಾಳಗ

ಇಲ್ಲಿಯವರೆಗೆ ಹೇಳಿದುದು ನಿಜವಾದ ಸ್ಪರ್ಧೆಯ ಮಾತು. ಫಲಿತಾಂಶವನ್ನು ಮೊದಲೇ ಗೊತ್ತುಮಾಡಿದ್ದರೆ? ಟಿ.ವಿ.ಯಲ್ಲಿ ಬರುವ ವೃತ್ತಿಪರ ಕುಸ್ತಿಯು ಅಂತಹುದು. ನಮ್ಮ ಗರಡಿಯಲ್ಲಿ ಮಣ್ಣಿನ ಮೇಲೆ ನಡೆಯುವ ಕುಸ್ತಿ, ಮೈಸೂರು ದಸರೆಯ ನಾಡಕುಸ್ತಿ, ಒಲಿಂಪಿಕ್ಸಿನ ಕುಸ್ತಿ, ಇವು ಬಲಾಬಲದ ಪರೀಕ್ಷೆಗಳು. ವೃತ್ತಿಪರ ಕುಸ್ತಿಯಾದರೋ ಪ್ರದರ್ಶನ. ಯಾರು ಗೆಲ್ಲಬೇಕು, ಯಾರು ಮೋಸ ಮಾಡಬೇಕು ಎಂಬುದೆಲ್ಲ ಕಥೆಯಂತೆ ಮೊದಲೇ ನಿರ್ಧಾರವಾಗಿರುತ್ತದೆ. ಈ ಗುಟ್ಟನ್ನು ಬಿಟ್ಟುಕೊಡದಿರುವುದು ಅಲ್ಲಿನ ಹಳೆಯ ಕಟ್ಟುಪಾಡಾಗಿತ್ತು. ೧೯೮೯ರಲ್ಲಿ ಅಮೆರಿಕದ ನ್ಯೂ ಜರ್ಸಿ ರಾಜ್ಯದಲ್ಲಿ ಕ್ರೀಡೆಗಳ ಮೇಲಿನ ನಿರ್ಬಂಧ ಮತ್ತು ತೆರಿಗೆಗಳಿಂದ ಬಿಡುಗಡೆ ಕೋರಿದಾಗ, ವರ್ಲ್ಡ್ ರೆಸ್ಲಿಂಗ್ ಫೆಡರೇಷನ್ ಸಂಸ್ಥೆಯವರೇ ಇದು ಮನರಂಜನೆ, ನಿಜವಾದ ಸ್ಪರ್ಧೆಯಲ್ಲ ಎಂದು ಶಾಸಕರ ಮುಂದೆ ಒಪ್ಪಿಕೊಂಡರು.

ಗುಟ್ಟು ಬಯಲಾದ ಮೇಲೆ ನೋಟಕರು ಕೈಬಿಟ್ಟರೇ? ಇಲ್ಲ. ೧೯೯೦ರ ದಶಕದಲ್ಲಿ ಉಪಗ್ರಹ ಟಿ.ವಿ.ಯ ಮೂಲಕ ಈ ಪ್ರದರ್ಶನವು ಭಾರತದ ಮನೆಗಳಿಗೆ ಬಂದಿತು. ಪೈಲ್ವಾನರ ಎತ್ತರ, ತೂಕ, ಎದೆಯ ಸುತ್ತಳತೆಗಳನ್ನು ಅಚ್ಚುಮಾಡಿದ ಕಾರ್ಡುಗಳನ್ನು ಶಾಲೆಯ ಹುಡುಗರು ಚೀಲದಲ್ಲಿಟ್ಟುಕೊಂಡು ಬಿಡುವಿನ ವೇಳೆಯಲ್ಲಿ ಆಡುತ್ತಿದ್ದರು; ಪಾಠದ ಅಂಕಿಗಳನ್ನು ಮರೆತವರೂ ಅಂಡರ್‌ಟೇಕರನ ಎತ್ತರವನ್ನು ಮರೆಯುತ್ತಿರಲಿಲ್ಲ!

ಇದರಲ್ಲಿ ವಿಚಿತ್ರವೇನೂ ಇಲ್ಲ. ಬಯಲಾಟದಲ್ಲಿ ಕೊನೆಗೆ ಭೀಮನೇ ದುರ್ಯೋಧನನ ತೊಡೆಯನ್ನು ಮುರಿಯುವನೆಂದು ತಿಳಿಯದವರು ಯಾರು? ಬಣ್ಣದ ವೇಷದ ಒಳಗಿರುವವನು ಪಕ್ಕದ ಊರಿನವನೆಂದೂ ಗೊತ್ತು. ಆದರೂ ಜನರು ಬೆಳಗಿನವರೆಗೆ ಕುಳಿತು ನೋಡುತ್ತಾರೆ. ತಿಳಿವಳಿಕೆಯೂ ತಲ್ಲೀನತೆಯೂ ಒಂದೇ ಮನಸ್ಸಿನಲ್ಲಿ ಒಟ್ಟಿಗೆ ಇರಬಲ್ಲವು. ವೃತ್ತಿಪರ ಕುಸ್ತಿಯಲ್ಲಿಯೂ ಹಾಗೆಯೇ ಒಬ್ಬ ಸಜ್ಜನ, ಒಬ್ಬ ಖಳ. ಅವರನ್ನು ಆ ವೃತ್ತಿಯವರು ‘ಫೇಸ್’ ಮತ್ತು ‘ಹೀಲ್’ ಎಂದು ಕರೆಯುತ್ತಾರೆ. ಕಥೆಯನ್ನು ಬರೆಯುವವರು ಫಲಿತಾಂಶವನ್ನು ನೋಟಕರಿಗೆ ತಿಳಿಸುವುದಿಲ್ಲ. ಕೊನೆಯ ಕ್ಷಣದವರೆಗೂ ಸಂಶಯವನ್ನು ಸಮನಾಗಿ ತೂಗಿಸಿಕೊಂಡು ಹೋಗುವುದೇ ಅವರ ಚಾತುರ್ಯ.

ಈ ಸಂಶಯಕ್ಕೂ ಮಿದುಳಿಗೂ ಸಂಬಂಧವಿದೆ. ವುಲ್ಫ್‌ರಾಮ್ ಷುಲ್ಟ್ಸ್ ಮತ್ತು ಅವರ ಸಹೋದ್ಯೋಗಿಗಳು ೨೦೦೩ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಕೋತಿಗಳಿಗೆ ಒಂದು ಚಿತ್ರವನ್ನು ತೋರಿಸಿ, ಅನಂತರ ಒಮ್ಮೆ ಒಂದು ಗುಟುಕು ಪಾನೀಯವನ್ನು ಕೊಡುತ್ತಿದ್ದರು, ಒಮ್ಮೆ ಕೊಡುತ್ತಿರಲಿಲ್ಲ. ಕಾಯುವ ಆ ಅವಧಿಯಲ್ಲಿ, ಡೋಪಮೀನ್ ಎಂಬ ರಾಸಾಯನಿಕವನ್ನು ಬಳಸುವ ನರಕೋಶಗಳ ಚಟುವಟಿಕೆಯು ಕ್ರಮೇಣ ಏರುತ್ತಿತ್ತು. ಪಾನೀಯವು ಖಂಡಿತವಾಗಿ ಸಿಗುವುದೆಂದು ಗೊತ್ತಿದ್ದಾಗಲೂ, ಸಿಗುವುದೇ ಇಲ್ಲವೆಂದು ಗೊತ್ತಿದ್ದಾಗಲೂ ಈ ಏರಿಕೆ ಕಾಣಲಿಲ್ಲ. ಸಿಗುವ ಸಂಭವವು ಸರಿಯಾಗಿ ಅರ್ಧಕ್ಕರ್ಧವಿದ್ದಾಗ ಅದು ಅತ್ಯಧಿಕವಾಗಿತ್ತು. ಕೋತಿಯಿಂದ ಕುಸ್ತಿಯ ನೋಟಕನಿಗೆ ನೇರವಾಗಿ ಹಾರುವುದು ಸರಿಯಲ್ಲವಾದರೂ, ಕೊನೆಯ ಓವರಿನ ಬಿಗುವು ನಮ್ಮನ್ನು ಕುರ್ಚಿಯ ತುದಿಗೆ ಏಕೆ ಎಳೆಯುತ್ತದೆಂಬುದಕ್ಕೆ ಇಲ್ಲೊಂದು ಸುಳಿವು ಉಂಟು.

ಫಲಿತಾಂಶವು ಬರೆದಿಟ್ಟುದಾದರೂ ಬೀಳುವ ದೇಹವು ನಿಜವಾದುದು. ಬಲ್ಲ ಪೈಲ್ವಾನನು ಗಲ್ಲವನ್ನು ಎದೆಗೆ ಒತ್ತಿಕೊಂಡು, ಕೈಗಳನ್ನು ಚಾಚಿ, ಬೆನ್ನಿನ ಅಗಲವೆಲ್ಲ ಏಕಕಾಲದಲ್ಲಿ ನೆಲಕ್ಕೆ ತಗಲುವಂತೆ ಬೀಳುತ್ತಾನೆ. ಬಲವು ಅಷ್ಟೇ ಇದ್ದರೂ ಅದನ್ನು ತಾಳುವ ವಿಸ್ತೀರ್ಣ ಹೆಚ್ಚಿದಷ್ಟೂ ಒತ್ತಡವು ಕಡಮೆಯಾಗುವುದೆಂದು ನೀವು ಭೌತಶಾಸ್ತ್ರದಲ್ಲಿ ಓದಿದ್ದೀರಿ. ಕಣದ ಕ್ಯಾನ್ವಾಸಿನ ಕೆಳಗಿರುವ ಹಲಗೆಗಳು ಬಾಗಿಕೊಡುವುದರಿಂದ ದೇಹವು ನಿಲ್ಲುವ ಕಾಲವೂ ಕೊಂಚ ಹೆಚ್ಚುತ್ತದೆ. ಕ್ಯಾಚು ಹಿಡಿಯುವವನು ಕೈಗಳನ್ನು ಹಿಂದಕ್ಕೆಳೆದುಕೊಳ್ಳುವ ತತ್ತ್ವವೇ ಇದು. ಆದರೂ ಅಪಾಯವು ತಪ್ಪಿದ್ದಲ್ಲ. ೧೯೯೯ರ ಮೇ ೨೩ರಂದು ಕ್ಯಾನ್ಸಸ್ ಸಿಟಿಯಲ್ಲಿ ಓವನ್ ಹಾರ್ಟ್ ಎಂಬ ಪೈಲ್ವಾನನು ಕಣಕ್ಕೆ ಮೇಲಿನಿಂದ ಇಳಿದುಬರುವ ದೃಶ್ಯಕ್ಕಾಗಿ ಸಿದ್ಧನಾಗಿದ್ದಾಗ ಎತ್ತರದಿಂದ ಬಿದ್ದು ಮರಣ ಹೊಂದಿದನು. ಅಭಿಮಾನಿಗಳು ನೋಡುವ ಕಥೆ ಕಲ್ಪಿತವಿರಬಹುದು. ಆ ಕಥೆಗೆ ತೆರುವ ಬೆಲೆ ಕಲ್ಪಿತವಲ್ಲ. ಇವನ್ನು ಮನೆಯಲ್ಲಿ ಅನುಕರಿಸಬಾರದೆಂದು ಹಿರಿಯರು ಹೇಳುವುದು ಈ ಕಾರಣದಿಂದಲೇ.

ಬಿದ್ದವನ ಅಂಗಿಯ ಬಣ್ಣ

‘ನಾವು’ ಎಂಬುದರ ಎಲ್ಲೆ ಎಲ್ಲಿ ಮುಗಿಯುತ್ತದೆ? ಇಂಗ್ಲೆಂಡಿನ ಲ್ಯಾಂಕಾಸ್ಟರ್ ವಿಶ್ವವಿದ್ಯಾನಿಲಯದ ಮಾರ್ಕ್ ಲೆವೀನ್ ಮತ್ತು ಅವರ ಸಂಗಡಿಗರು ೨೦೦೫ರಲ್ಲಿ ಪ್ರಕಟಿಸಿದ ಪ್ರಯೋಗವು ಇದನ್ನು ಚೆನ್ನಾಗಿ ತೋರಿಸುತ್ತದೆ. ಮ್ಯಾಂಚೆಸ್ಟರ್ ಯುನೈಟೆಡ್ ತಂಡದ ಅಭಿಮಾನಿಗಳಾದ ವಿದ್ಯಾರ್ಥಿಗಳನ್ನು ಕರೆದು, ತಮ್ಮ ತಂಡದ ಬಗ್ಗೆ ಬರೆಯಿಸಿ, ಬಳಿಕ ಇನ್ನೊಂದು ಕಟ್ಟಡಕ್ಕೆ ಹೋಗುವಂತೆ ಹೇಳಿದರು. ದಾರಿಯಲ್ಲಿ ಓಡುತ್ತಿದ್ದವನೊಬ್ಬನು ಜಾರಿ ಬಿದ್ದು, ಕಾಲಿನ ಗೆಣ್ಣನ್ನು ಹಿಡಿದು ನರಳುತ್ತಾನೆ. ಅವನು ಪ್ರಯೋಗದ ಪಾತ್ರಧಾರಿ. ಅವನು ಮ್ಯಾಂಚೆಸ್ಟರಿನ ಅಂಗಿಯನ್ನು ತೊಟ್ಟಿದ್ದಾಗ ೧೩ ಮಂದಿಯಲ್ಲಿ ೧೨ ಮಂದಿ ನಿಂತು ಸಹಾಯ ಮಾಡಿದರು. ಸಾದಾ ಅಂಗಿಯನ್ನು ತೊಟ್ಟಿದ್ದಾಗ ೧೨ರಲ್ಲಿ ೪ ಮಂದಿ. ಕಡುವೈರಿಯಾದ ಲಿವರ್‌ಪೂಲ್ ತಂಡದ ಅಂಗಿಯಾದರೆ ೧೦ರಲ್ಲಿ ೩ ಮಂದಿ ಮಾತ್ರ.

ಮನಸ್ಸು ಕುಂದಿಸುವ ಫಲಿತಾಂಶವಿದು. ಆದರೆ ಸಂಶೋಧಕರು ಇಲ್ಲಿಗೆ ನಿಲ್ಲಲಿಲ್ಲ. ಎರಡನೆಯ ಸಲ ಅವರು ಬೇರೆ ಅಭಿಮಾನಿಗಳನ್ನು ಕರೆದು, ತಂಡದ ವಿಷಯವನ್ನು ಎತ್ತದೆ, ಫುಟ್‌ಬಾಲ್ ಪ್ರೇಮಿಗಳಾಗಿರುವುದರ ಸಂತೋಷವನ್ನು ಕುರಿತು ಬರೆಯಿಸಿದರು. ಈಗ ಮ್ಯಾಂಚೆಸ್ಟರಿನ ಅಂಗಿಯವನಿಗೆ ೧೦ರಲ್ಲಿ ೮ ಮಂದಿ, ಲಿವರ್‌ಪೂಲಿನ ಅಂಗಿಯವನಿಗೂ ೧೦ರಲ್ಲಿ ೭ ಮಂದಿ ಸಹಾಯ ಮಾಡಿದರು. ಯಾರ ಸ್ವಭಾವವನ್ನೂ ತಿದ್ದಬೇಕಾಗಲಿಲ್ಲ. ‘ನಾವು’ ಎಂಬುದರ ಬೇಲಿಯನ್ನು ಸ್ವಲ್ಪ ಆಚೆಗೆ ಸರಿಸಿದುದಷ್ಟೇ. ಆದರೂ ಸಾದಾ ಅಂಗಿಯವನಿಗೆ ಈ ಸಲವೂ ಸಹಾಯ ಮಾಡಿದವರು ೯ರಲ್ಲಿ ೨ ಮಂದಿ ಮಾತ್ರವೆಂಬುದನ್ನು ಮರೆಯಬಾರದು. ಬೇಲಿಯನ್ನು ಎಷ್ಟು ಸರಿಸಿದರೂ ಅದರ ಆಚೆ ಯಾರೋ ಒಬ್ಬರು ಉಳಿದಿರುತ್ತಾರೆ.

ಗೆಲುವಿನ ಮರುದಿನ

ಆರಂಭದಲ್ಲಿ ಹೇಳಿದ ಗೆಲುವಿನ ಮರುದಿನ, ಎಂದರೆ ೨೦೨೫ರ ಜೂನ್ ೪ರಂದು, ತಂಡವನ್ನು ಸ್ವಾಗತಿಸಲು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಬಳಿ ಒಳಗೆ ಹಿಡಿಸಲಾರದಷ್ಟು ಜನ ಸೇರಿದರು. ಬಾಗಿಲುಗಳ ಬಳಿ ಉಂಟಾದ ನೂಕುನುಗ್ಗಲಿನಲ್ಲಿ ೧೧ ಮಂದಿ ಪ್ರಾಣ ಕಳೆದುಕೊಂಡರು, ಹಲವರು ಗಾಯಗೊಂಡರು. ಮೃತರಲ್ಲಿ ಹೆಚ್ಚಿನವರು ಎಳೆಯರು, ನಿಮ್ಮಂತಹವರು. ತಮ್ಮದೆಂದು ಭಾವಿಸಿದ ಗೆಲುವನ್ನು ಕಣ್ಣಾರೆ ಕಾಣಲು ಹೊರಟವರು ಮನೆಗೆ ಮರಳಲಿಲ್ಲ.

ಇಂತಹ ಸಂದರ್ಭದಲ್ಲಿ ‘ಅಭಿಮಾನಿಗಳ ಹುಚ್ಚಾಟ’ ಎಂದು ಒಂದೇ ಮಾತಿನಲ್ಲಿ ತೀರ್ಪು ಕೊಡುವುದು ಸುಲಭ. ವಿಜ್ಞಾನವು ಅದನ್ನು ಒಪ್ಪುವುದಿಲ್ಲ. ನೆಲದ ಮೇಲೆ ಒಂದು ಮೀಟರು ಉದ್ದ, ಒಂದು ಮೀಟರು ಅಗಲದ ಚೌಕವನ್ನು ಊಹಿಸಿಕೊಳ್ಳಿ. ಅದರಲ್ಲಿ ಇಬ್ಬರು ನಿರಾಯಾಸವಾಗಿ ನಿಲ್ಲಬಹುದು. ನಾಲ್ವರಾದರೆ ಮೈಗೆ ಮೈ ತಾಗುವುದು. ಆರೇಳು ಮಂದಿ ಸೇರಿದರೆ ವ್ಯಕ್ತಿಗಳು ತಮ್ಮ ಇಚ್ಛೆಯಂತೆ ಚಲಿಸುವ ಶಕ್ತಿಯನ್ನು ಕಳೆದುಕೊಳ್ಳುತ್ತಾರೆ. ಆಗ ಗುಂಪು ನೀರಿನಂತೆ ವರ್ತಿಸುತ್ತದೆ. ಒಂದು ಕಡೆಯ ತಳ್ಳಾಟವು ಅಲೆಯಾಗಿ ಇನ್ನೊಂದು ಕಡೆಗೆ ಸಾಗುತ್ತದೆ. ಉಕ್ಕಿನ ಕಂಬಿಗಳೂ ಇದರ ಬಲಕ್ಕೆ ಬಾಗಿದ್ದುಂಟು. ‘ಕಾಲ್ತುಳಿತ’ ಎಂದು ನಾವು ಕರೆದರೂ ಇಂತಹ ದುರಂತಗಳಲ್ಲಿ ಬಹಳಷ್ಟು ಮಂದಿ ಸಾಯುವುದು ತುಳಿತದಿಂದಲ್ಲ, ಎದೆಯು ಹಿಗ್ಗಲಾರದೆ ಉಸಿರುಗಟ್ಟಿ. ನಿಂತಲ್ಲಿಯೇ ಸಾಯುವುದೂ ಉಂಟು. ಹಿಂದೆ ಇರುವವನಿಗೆ ಮುಂದಿನವನ ಸಂಕಟವು ಕಾಣುವುದಿಲ್ಲ, ಕೇಳುವುದಿಲ್ಲ. ಅವನು ದುಷ್ಟನಲ್ಲ, ಅವನಿಗೆ ಸುದ್ದಿ ತಲಪುವುದಿಲ್ಲ, ಅಷ್ಟೇ.

೧೯೮೯ರ ಏಪ್ರಿಲ್ ೧೫ರಂದು ಇಂಗ್ಲೆಂಡಿನ ಷೆಫೀಲ್ಡ್ ನಗರದ ಹಿಲ್ಸ್‌ಬರೋ ಕ್ರೀಡಾಂಗಣದಲ್ಲಿ ಇದೇ ರೀತಿ ನಡೆದು, ಲಿವರ್‌ಪೂಲ್ ತಂಡದ ೯೭ ಅಭಿಮಾನಿಗಳು ಸತ್ತರು. ಮೊದಲು ಅಪವಾದವನ್ನು ಹೊತ್ತವರು ಆ ಅಭಿಮಾನಿಗಳೇ. ಇಪ್ಪತ್ತೇಳು ವರ್ಷಗಳ ಬಳಿಕ, ೨೦೧೬ರಲ್ಲಿ, ಮರಣವಿಚಾರಣೆಯ ಪಂಚರು ಅಭಿಮಾನಿಗಳ ತಪ್ಪೇನೂ ಇರಲಿಲ್ಲವೆಂದು ತೀರ್ಪಿತ್ತರು. ಎಷ್ಟು ಮಂದಿ ಬರುವರೆಂಬ ಮುಂದಾಲೋಚನೆ, ಬಾಗಿಲುಗಳ ಅಗಲ, ಒಳಗೆ ಬಿಡುವ ವೇಗ, ಹೊರಗಿನವರಿಗೆ ವೇಳೆಗೆ ಸರಿಯಾದ ಸುದ್ದಿ, ಇವೇ ಜೀವಗಳನ್ನು ಉಳಿಸುವುವು. ಇವು ಆಯೋಜಕರ ಹೊಣೆ.

ಆದರೂ ಪ್ರತಿಯೊಬ್ಬನೂ ತಿಳಿದಿರಬೇಕಾದ ಕೆಲವು ಸಂಗತಿಗಳಿವೆ. ಗುಂಪಿನಲ್ಲಿ ಕೈಗಳನ್ನು ಆಡಿಸಲಾಗದಷ್ಟು ಇಕ್ಕಟ್ಟಾದ ಕೂಡಲೇ, ಇನ್ನೂ ದಾರಿಯಿರುವಾಗಲೇ, ಹಿಂದಿರುಗಬೇಕು. ಸಿಕ್ಕಿಕೊಂಡರೆ ತೋಳುಗಳನ್ನು ಮಡಿಸಿ ಎದೆಯ ಮುಂದೆ ಇಟ್ಟುಕೊಂಡು ಉಸಿರಿಗೆ ಎಡೆ ಮಾಡಿಕೊಳ್ಳಬೇಕು. ಅಲೆಯನ್ನು ಎದುರಿಸಿ ತಳ್ಳಬಾರದು. ಅದು ತಗ್ಗಿದಾಗ ಓರೆಯಾಗಿ ಅಂಚಿನ ಕಡೆಗೆ ಸರಿಯಬೇಕು. ಬಿದ್ದ ವಸ್ತುವಿಗಾಗಿ ಬಗ್ಗಬಾರದು. ಬಿದ್ದ ಮನುಷ್ಯನನ್ನು ಮಾತ್ರ, ಅವನ ಅಂಗಿಯ ಬಣ್ಣವನ್ನು ನೋಡದೆ, ಎತ್ತಬೇಕು.

ನೀವೇ 	ಮಾಡಿ ನೋಡಿ

ಈ ವಿಷಯಗಳಲ್ಲಿ ಎರಡನ್ನು ಪರೀಕ್ಷಿಸಲು ಪ್ರಯೋಗಶಾಲೆಯೂ ಬೇಕಾಗಿಲ್ಲ. ಮುಂದಿನ ಪಂದ್ಯದ ದಿನ, ಆಟವು ಆರಂಭವಾಗುವ ಅರ್ಧ ಗಂಟೆಯ ಮೊದಲು ಸುಮ್ಮನೆ ಕುಳಿತು ಒಂದು ನಿಮಿಷ ನಿಮ್ಮ ನಾಡಿಯನ್ನು ಎಣಿಸಿ ಬರೆದಿಡಿ. ಕೊನೆಯ ಓವರಿನ ಮಧ್ಯದಲ್ಲಿ, ಕುಳಿತಲ್ಲಿಯೇ, ಮತ್ತೊಮ್ಮೆ ಎಣಿಸಿ. ವ್ಯತ್ಯಾಸವು ನಿಮ್ಮ ‘ನಾವು’ ಎಂಬುದರ ಅಳತೆಯಲ್ಲದಿದ್ದರೂ ಅದರ ನೆರಳು. ಎರಡನೆಯದಾಗಿ, ಎದುರು ತಂಡದ ಪಕ್ಷಪಾತಿಯಾದ ಗೆಳೆಯನೊಡನೆ ಕುಳಿತು, ಅಂಪೈರರ ಯಾವ ತೀರ್ಪುಗಳು ತಪ್ಪೆಂದು ತೋರಿದುವೋ ಅವನ್ನು ಇಬ್ಬರೂ ಬೇರೆಬೇರೆಯಾಗಿ ಬರೆದಿಟ್ಟುಕೊಳ್ಳಿ. ಪಂದ್ಯ ಮುಗಿಯುವವರೆಗೆ ತೋರಿಸಿಕೊಳ್ಳಬೇಡಿ. ಅನಂತರ ಎರಡು ಪಟ್ಟಿಗಳನ್ನೂ ಪಕ್ಕಪಕ್ಕದಲ್ಲಿಟ್ಟು ಓದಿ.

ನಿಮ್ಮ ಪಟ್ಟಿಯಲ್ಲಿರುವ ತಪ್ಪುಗಳು ಹೆಚ್ಚಾಗಿ ನಿಮ್ಮ ತಂಡಕ್ಕೆ ನಷ್ಟ ಮಾಡಿದುವೇ ಆಗಿದ್ದರೆ ನಾಚಿಕೆಪಡಬೇಕಾಗಿಲ್ಲ. ಪ್ರಿನ್ಸ್‌ಟನ್ನಿನ ವಿದ್ಯಾರ್ಥಿಗಳೂ ಹಾಗೆಯೇ ನೋಡಿದರು. ತಾನು ಆಡದ ಆಟದಲ್ಲಿ ಗೆಲ್ಲಬಲ್ಲ, ತನಗೆ ಬೀಳದ ಪೆಟ್ಟಿಗೆ ನೋಯಬಲ್ಲ ಪ್ರಾಣಿ ಮನುಷ್ಯ. ಅಹಮದಾಬಾದಿನಲ್ಲಿ ಬಿದ್ದ ವಿಕೆಟ್ಟಿಗೆ ಹುಬ್ಬಳ್ಳಿಯಲ್ಲಿ ಕುಣಿಯುವಂತೆ ಮಾಡುವ ಶಕ್ತಿಯೇ ಬಿದ್ದವನನ್ನು ಎತ್ತಲು ಕೈ ಚಾಚಿಸುವ ಶಕ್ತಿಯೂ ಆಗಿದೆ. ಅದನ್ನು ಕಳೆದುಕೊಳ್ಳಬೇಕಾಗಿಲ್ಲ, ಅದರ ಬೇಲಿಯು ಎಲ್ಲಿದೆಯೆಂದು ಆಗಾಗ ನೋಡಿಕೊಂಡರೆ ಸಾಕು.